ಮಾಸ್ಕ್ ಹಾಕಿ ಒಂದು ವರ್ಷ ಆಯ್ತು, ಥ್ಯಾಂಕ್ಸ್ ಹೇಳ್ಬೇಕಿತ್ತು

ನಮ್ಮನೆಯವರಿಗೆ ಸ್ಲೀಪ್ ಅಪ್ನಿಯ, ಅಂದ್ರೆ ನಿದ್ದೇಲಿ ಆಗಾಗ ಉಸಿರು ನಿಲ್ಲೋ ಕಾಯಿಲೆ. ಅದಕ್ಕೆ ಸೀಪ್ಯಾಪ್ ಅನ್ನೋ ಗಾಳಿ ಬಿಡೋ ಮಷೀನಿನ ಮಾಸ್ಕ್ ಮೂಗಿಗೆ ಹಾಕ್ಕೊಂಡು ಮಲಗೋಕೆ ಶುರು ಮಾಡಿ ಇವತ್ತಿಗೆ ಸರಿಯಾಗಿ ಒಂದು ವರ್ಷ. ಅದಕ್ಕೆ ಮುಂಚೆ ಆರು ವರ್ಷ ಅವರ ಗೊರಕೆ ನಿಂತ್ರೆ ಸಾಕು ನಂಗೆ ಎಚ್ಚರ ಆಗ್ಬಿಡೋದು, ಕತ್ತಲಲ್ಲೇ ಎದ್ದು ಕೂತು ಎಣಿಸ್ತಿದ್ದೆ, ಹದಿನೈದು, ಇಪ್ಪತ್ತು, ಕೆಲವು ಸಲ ಮೂವತ್ತರ ತನಕ, ಆಮೇಲೆ ಬಾವಿಗೆ ಬಿದ್ದೋರು ಮೇಲೆ ಬಂದಂಗೆ ಒಂದೇ ಸಲ ಉಸಿರೆಳ್ಕೊಳ್ಳೋರು. ಟ್ಯಾಕ್ಸಿ ಓಡಿಸೋ ಮನುಷ್ಯ, ಬೆಳಿಗ್ಗೆ ಏಳ್ತಾನೇ ತಲೆನೋವು ಸುಸ್ತು. ಒಂದಿನ ಶ್ರೀರಂಗಪಟ್ಟಣದ ಹತ್ರ ಕಣ್ಣು ಮುಚ್ಚಿ ಕಾರು ಡಿವೈಡರ್‌ಗೆ ಉಜ್ಕೊಂಡು ನಿಂತಿತ್ತು, ದೇವರ ದಯೆ, ಯಾರಿಗೂ ಏನೂ ಆಗ್ಲಿಲ್ಲ. ಗೊರಕೆ ಹೊಡೆದ್ರೆ ಒಳ್ಳೆ ನಿದ್ದೆ ಅಂತ ನೆಂಟರು ಹೇಳೋರು, ನಾನೂ ತುಂಬ ದಿನ ನಂಬಿದ್ದೆ.

ಕೊನೆಗೆ ಸ್ಲೀಪ್ ಸ್ಟಡಿ, ಅಂದ್ರೆ ರಾತ್ರಿಯಿಡೀ ಮಲಗಿಸಿ ಉಸಿರಾಟ ನೋಡೋ ಟೆಸ್ಟ್ ಮಾಡಿಸಿದಾಗ ಗಂಟೆಗೆ 48 ಸಲ ಉಸಿರಿಗೆ ಅಡ್ಡಿ ಆಗ್ತಿದೆ ಅಂತ ಬಂತು. 30 ದಾಟಿದ್ರೇ ತೀವ್ರ ಅಂತಾರೆ.

ಸೀಪ್ಯಾಪ್ ಮಷೀನ್ ಮನೆಗೆ ಬಂದ ಮೊದಲ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ, ಮನೆ ಅಷ್ಟು ನಿಶ್ಶಬ್ದ, ನಾಲ್ಕು ಸಲ ಅವರ ಎದೆ ಮೇಲೆ ಕೈಯಿಟ್ಟು ನೋಡಿದೀನಿ. ಇದನ್ನ ಕಂಡುಹಿಡಿದ ಪುಣ್ಯಾತ್ಮ ಯಾರು ಅಂತ ಆವತ್ತೇ ಫೋನಲ್ಲಿ ಹುಡುಕಿದ್ದು. ಸಿಡ್ನಿಯ ಡಾಕ್ಟರ್ ಕಾಲಿನ್ ಸಲ್ಲಿವನ್. 70ರ ದಶಕದಲ್ಲಿ ಟೊರಾಂಟೊಗೆ ಹೋಗಿ ಮಲಗಿರೋ ನಾಯಿಗಳ ಉಸಿರಾಟ ಸ್ಟಡಿ ಮಾಡಿದವರು. ಈ ಕಾಯಿಲೆ ಇರೋರಿಗೆ ನಿದ್ದೇಲಿ ಗಂಟಲಿನ ಸ್ನಾಯು ಸಡಿಲ ಆಗಿ ಗಾಳಿ ದಾರಿನೇ ಮುಚ್ಕೊಂಡ್ಬಿಡುತ್ತೆ, ಆಗಿನ ಕಾಲದಲ್ಲಿ ಇದು ಜೋರಾಗಿದ್ದೋರಿಗೆ ಕುತ್ತಿಗೇಲಿ ತೂತು ಮಾಡಿ ಟ್ಯೂಬ್ ಇಡ್ತಿದ್ರು. 1980ರಲ್ಲಿ ಒಬ್ಬ ಪೇಷಂಟ್ ಆ ಆಪರೇಷನ್ ಬೇಡ ಅಂದಾಗ ಇವರು ಮೂಗಿನ ಮೂಲಕ ಒಂದೇ ಸಮ ಗಾಳಿ ಬಿಟ್ಟು ನೋಡಿದ್ರು, ಆ ಒತ್ತಡನೇ ಗಂಟಲನ್ನ ಒಳಗಿಂದ ತೆರೆದು ಹಿಡ್ಕೊಳ್ತು. 1981ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬರೆದಿದ್ದು ಬರೀ 5 ಜನ ಪೇಷಂಟ್‌ಗಳ ಬಗ್ಗೆ. ಶುರುವಿನ ಮಷೀನ್‌ಗಳಿಗೆ ವ್ಯಾಕ್ಯೂಮ್ ಕ್ಲೀನರ್ ಮೋಟರ್, ಮಾಸ್ಕನ್ನ ದಿನಾ ರಾತ್ರಿ ಮೂಗಿಗೆ ಅಂಟಿಸ್ಕೋಬೇಕಿತ್ತು! ಅಷ್ಟೆಲ್ಲ ಕಷ್ಟಪಟ್ಟು ಹಾಕ್ಕೊಂಡ್ರಲ್ಲ ಆ ಮೊದಮೊದಲ ಪೇಷಂಟ್‌ಗಳು, ಅವರಿಗೂ ನನ್ನ ನಮಸ್ಕಾರ.

ಊರೆಲ್ಲ ನಗೋ ಗೊರಕೆಯನ್ನ ಒಬ್ಬ ಮನುಷ್ಯ ತನ್ನ ಇಡೀ ಕೆಲಸ ಮಾಡ್ಕೊಂಡಿದ್ದಕ್ಕೆ ನನ್ನ ಮಗಳಿಗೆ ಇವತ್ತು ಅಪ್ಪ ಇದಾರೆ ಅಂತಲೇ ನಂಗನ್ಸೋದು. ಸಲ್ಲಿವನ್ ಸರ್‌ಗೆ ಇದು ತಲುಪುತ್ತೋ ಇಲ್ವೋ, ಹೇಳ್ದೆ ಇರಕ್ಕಾಗ್ಲಿಲ್ಲ.

ಇನ್ನು ಇಲ್ಲಿಯವರು. ಸ್ಟಡಿ ದಿನ ತಲೆಗೆಲ್ಲ ವೈರ್ ಅಂಟಿಸಿ ಬೆಳಗಿನ ತನಕ ಸ್ಕ್ರೀನ್ ನೋಡ್ತಾ ಎದ್ದಿದ್ದ ಟೆಕ್ನಿಷಿಯನ್ ಹುಡುಗ, ಕರೆಂಟ್ ಹೋದ್ರೆ ಮಷೀನ್ ನಿಲ್ಲುತ್ತೆ ಅಂತ ತಮ್ಮನೆ ಯುಪಿಎಸ್‌ನಿಂದ ಲೈನ್ ಎಳೆದು ಕೊಟ್ಟ ಪಕ್ಕದ್ಮನೆ ಅಂಕಲ್, ಇಎಂಐ ಅರ್ಧ ನಾನು ಕಟ್ತೀನಿ ಅಕ್ಕ ಅಂದ ನನ್ನ ತಮ್ಮ, ನಿಮ್ಮೆಲ್ಲರ ಋಣ ದೊಡ್ಡದು.

ನಿಮ್ಮನೇಲಿ ಯಾರಾದ್ರೂ ಗೊರಕೆ ಮಧ್ಯೆ ಉಸಿರು ನಿಲ್ಲಿಸ್ತಿದ್ರೆ ದಯವಿಟ್ಟು ತೋರಿಸಿ, ಮಾಸ್ಕ್ ಸೈಜು, ಮೂಗು ಒಣಗೋದು ಈ ತರ ಏನೇ ಡೌಟ್ ಇದ್ರೂ ನನ್ನ ಕೇಳಿ, ನಂಗೆ ಗೊತ್ತಿರೋದೆಲ್ಲ ಹೇಳ್ತೀನಿ.