ನಾವು ಮಾಂಸ ತಿನ್ನಲ್ಲ, ನಮಗೇನು ಭಯ?

ರಜೆ ಹತ್ತಿರ ಬಂತು. ಎಲ್ಲರ ಮನೆಯಲ್ಲೂ ಟಿಕೆಟ್, ಸೂಟ್‌ಕೇಸ್ ಮಾತು. ಮೊನ್ನೆ ಸಂಘದ ಗೆಳೆಯರೊಬ್ಬರ ಜೊತೆ ಮಾತಾಡುವಾಗ ಊಟದಿಂದ ಬರುವ ಹುಳುಗಳ ವಿಷಯ ಬಂತು. "ನಾವು ಸಸ್ಯಾಹಾರಿಗಳು ಸಾರ್, ಲಾಡಿಹುಳು ನಮಗೆಲ್ಲಿಂದ ಬರಬೇಕು?" ಅಂದರು. ಹೀಗೆ ನಂಬಿಕೊಂಡವರು ನಮ್ಮಲ್ಲಿ ಜಾಸ್ತಿ. ಅದಕ್ಕೇ ಈ ಸಲ ಇದನ್ನೇ ಬರೆಯುತ್ತಿದ್ದೇನೆ.

ಸರಿಯಾಗಿ ಬೇಯದ ಹಂದಿ ಮಾಂಸ ತಿಂದರೆ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ, ನಿಜ. ಮೀಟರುಗಟ್ಟಲೆ ಉದ್ದ ಬೆಳೆದರೂ ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಇದಕ್ಕಿಂತ ದೊಡ್ಡ ಅಪಾಯ ಅದರ ಮೊಟ್ಟೆ. ಹುಳು ಇರುವವರ ಮಲದಲ್ಲಿ ಮೊಟ್ಟೆಗಳು ಹೊರಬರುತ್ತವೆ. ಕೈ ತೊಳೆಯದೆ ಅಡುಗೆ ಮಾಡಿದರೆ, ನೀರು ಕೊಳಕಾದರೆ, ಅವು ಬೇರೆಯವರ ಹೊಟ್ಟೆ ಸೇರುತ್ತವೆ. ಅಲ್ಲಿ ಒಡೆದು, ಮರಿಗಳು ರಕ್ತದ ಜೊತೆ ಮಿದುಳಿಗೆ ಹೋಗಿ ಸಣ್ಣ ಗುಳ್ಳೆಗಳಾಗಿ ಕೂರುತ್ತವೆ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಫಿಟ್ಸ್. ಇದಕ್ಕೆ ಮಾಂಸ ತಿನ್ನಲೇಬೇಕು ಅಂತಿಲ್ಲ.

1990ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನಲ್ಲಿ ಹೀಗೇ ಆಯಿತು. ಹಂದಿ ಮಾಂಸವನ್ನು ಧರ್ಮದ ಪ್ರಕಾರವೇ ಮುಟ್ಟದ ಯಹೂದಿ ಕುಟುಂಬಗಳಲ್ಲಿ ನಾಲ್ವರಿಗೆ ಈ ಕಾಯಿಲೆ ಬಂತು. ಮನೆಯಲ್ಲಿ ಕೆಲಸ ಮಾಡುತ್ತಿದ್ದವರಿಂದ ಬಂದಿರಬೇಕು ಎಂದು ತನಿಖೆ ಮಾಡಿದ ವೈದ್ಯರು ಹೇಳಿದರು. ಆ ಕೆಲಸದವರನ್ನು ದೂರುವುದು ತಪ್ಪು. ಶೌಚಾಲಯ, ಒಳ್ಳೆಯ ನೀರು, ಔಷಧಿ ಸಿಗದ ಕಡೆ ಈ ಹುಳು ಬಡವರನ್ನೇ ಮೊದಲು ಹಿಡಿಯುತ್ತದೆ. ಇದು ಹೆಚ್ಚಾಗಿರುವ ಎಷ್ಟೋ ಪ್ರದೇಶಗಳಲ್ಲಿ ಮೂರ್ಛೆರೋಗದ ಸುಮಾರು 30% ಇದರಿಂದಲೇ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತಡೆಯಬಹುದಾದ ಕಾಯಿಲೆ ಇದು. ಅದೇ ನನಗೆ ಸಂಕಟ.

ಸೊಪ್ಪು ತಿನ್ನುವವರಿಗೆ ಇನ್ನೊಂದು ಮಾತು. ಹವಾಯಿಯಂಥ ಕಡೆ ಬಸವನಹುಳುವಿನ ಒಳಗೆ ಇಲಿಯಿಂದ ಬಂದ ಹುಳುವಿನ ಮರಿಗಳಿರುತ್ತವೆ. ಉಗುರಿನಷ್ಟೂ ಇಲ್ಲದ, ಚಿಪ್ಪಿಲ್ಲದ ಬಸವನಹುಳು ಎಲೆಯ ಮಡಿಕೆಯಲ್ಲಿ ಅಂಟಿಕೊಂಡಿದ್ದರೆ ಕಣ್ಣಿಗೆ ಕಾಣುವುದೇ ಇಲ್ಲ. ಕಟ್ಟನ್ನು ಸುಮ್ನೆ ನೀರಿಗೆ ಅದ್ದಿ ತೆಗೆದರೆ ಸಾಲದು. ಒಂದೊಂದೇ ಎಲೆ ಬಿಡಿಸಿ, ಎರಡೂ ಬದಿ ನೋಡಿ, ನಲ್ಲಿ ಕೆಳಗೆ ತೊಳೆಯಬೇಕು. ಬೇಯಿಸಿದರೆ ಚಿಂತೆಯೇ ಇಲ್ಲ.

ಮೀನು ತಿನ್ನುವವರೇ, ನಿಂಬೆರಸ, ವಿನೆಗರ್ ಹಾಕಿದರೆ ಹುಳು ಸಾಯುವುದಿಲ್ಲ. ಹಸಿ ಮೀನಾದರೆ -20 ಡಿಗ್ರಿಯಲ್ಲಿ ಏಳು ದಿನ ಇಟ್ಟಿರಬೇಕು. ಈಶಾನ್ಯ ಥಾಯ್ಲೆಂಡಿನಲ್ಲಿ ಹಸಿ ಸಿಹಿನೀರಿನ ಮೀನಿನಿಂದ ಲಿವರ್ ಸೇರುವ ಹುಳು ವರ್ಷಗಟ್ಟಲೆ ಉಳಿದು, ಕೊನೆಗೆ ಪಿತ್ತನಾಳದ ಕ್ಯಾನ್ಸರಿಗೂ ದಾರಿ ಮಾಡುತ್ತದೆ.

ಪ್ರಯಾಣ ಮುಗಿದು ತಿಂಗಳುಗಳಾದ ಮೇಲೆ ಕಾಯಿಲೆ ಬಂದರೆ ಪ್ರಯಾಣದ ನೆನಪೇ ಆಗುವುದಿಲ್ಲ, ಅಲ್ವಾ? ಇಲ್ಲಿನ ಡಾಕ್ಟರಿಗೂ ಹೊಳೆಯದೆ ಇರಬಹುದು. ಹಾಗಾಗಿ ನೀವೇ ಹೇಳಿ: ಎಲ್ಲಿಗೆ, ಯಾವಾಗ ಹೋಗಿದ್ದಿರಿ, ಹಸಿಯಾಗಿ ಏನು ತಿಂದಿರಿ. ಅನುಮಾನಕ್ಕೆ ಹುಳುವಿನ ಮಾತ್ರೆ ನುಂಗಬೇಡಿ. ಮಿದುಳಿನಲ್ಲಿ ಗುಳ್ಳೆಗಳಿದ್ದರೆ, ಔಷಧಿಗೆ ಅವು ಸಾಯುವಾಗ ಸುತ್ತ ಊತ ಬಂದು ಫಿಟ್ಸ್ ಹೆಚ್ಚಬಹುದು. ಮೊದಲು ಸ್ಕ್ಯಾನ್ ಬೇಕೇ ಎಂದು ಡಾಕ್ಟರು ನೋಡಲಿ.

ಆ ಗೆಳೆಯರು ಹೊರಡುವ ಮುಂಚೆ ಇದನ್ನೆಲ್ಲ ಕೇಳಿ ಮೊಬೈಲ್ ತೆಗೆದರು. ಮೂರು ವರ್ಷದಲ್ಲಿ ಹೋಗಿಬಂದ ಊರುಗಳನ್ನೆಲ್ಲ ತಾರೀಖಿನ ಸಮೇತ ಬರೆದುಕೊಂಡರು.