ತೋಟಗಾರಿಕೆ ಸಚಿವರಿಗೆ ಬಹಿರಂಗ ಪತ್ರ: ದ್ರಾಕ್ಷಿ ತೋಟದ ಜೀವಂತ ಬೇಲಿಗೂ ಬೆಲೆ ಕಟ್ಟಿ

ಮಾನ್ಯ ಸಚಿವರೇ,

ನಮಸ್ಕಾರ. ನಾನು ವಿಜಯಪುರ ಜಿಲ್ಲೆಯ ಟಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರ. ಥಾಮ್ಸನ್ ಸೀಡ್‌ಲೆಸ್ ಬೆಳೆದು, ಒಣದ್ರಾಕ್ಷಿ ಮಾಡಿ ಮಾರುತ್ತೇನೆ. ಅರ್ಜಿ ಕೊಟ್ಟು, ಉತ್ತರಕ್ಕೆ ಕಾದು, ಮತ್ತೆ ಅರ್ಜಿ ಕೊಟ್ಟು ದಣಿದಿದ್ದೇನೆ. ಅದಕ್ಕೇ ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ದ್ರಾಕ್ಷಿ ತೋಟದ ಸುತ್ತ ರೈತ ಬೆಳೆಸಿದ ಜೀವಂತ ಬೇಲಿಯನ್ನು ತೋಟದ ಭಾಗವೆಂದು ಸರ್ಕಾರ ಒಪ್ಪಬೇಕು. ಬೆಳೆಸುವವನಿಗೆ ಸಹಾಯಧನ ಕೊಡಬೇಕು. ಕೀಳುವ ಮುನ್ನ ನೋಟಿಸ್ ಕೊಡಬೇಕು. ಕಿತ್ತರೆ ಪರಿಹಾರ ಕೊಡಬೇಕು.

ನಮ್ಮ ತೋಟದ ಪಡುವಣ ಬದುವಿನ ಮೇಲೆ ಕವಳಿ, ಲಕ್ಕಿ, ತಂಗಡಿ, ನಡುನಡುವೆ ಹೊಂಗೆ ಮತ್ತು ಗ್ಲಿರಿಸಿಡಿಯಾ ಇದ್ದವು. ಕವಳಿ ನಮ್ಮ ತಂದೆ ಹಚ್ಚಿದ್ದು. ಉಳಿದದ್ದನ್ನು ನಾನು ಮತ್ತು ನನ್ನ ಹೆಂಡತಿ ಬೆಳೆಸಿದೆವು. ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡ ಬೇಸಿಗೆಯಲ್ಲಿ ಆಕೆ ಪಾತ್ರೆ ತೊಳೆದ ನೀರನ್ನು ಕೊಡದಲ್ಲಿ ಹೊತ್ತು ಈ ಸಸಿಗಳ ಬುಡಕ್ಕೆ ಹಾಕಿದ್ದಾಳೆ. ಆಳೆತ್ತರಕ್ಕೆ ಬಂದ ಮೇಲೆ ಅದರ ಗುಣ ಕಂಡಿತು. ಮುಂಗಾರಿನ ಗಾಳಿ ಎಳೆ ಚಿಗುರನ್ನು ಹರಿಯುವುದು ತಗ್ಗಿತು. ದಾರಿಯ ಧೂಳು ಎಲೆಗಳ ಮೇಲೆ ಕೂರುವುದು ಕಡಿಮೆಯಾಯಿತು. ಧೂಳು ಹಿಡಿದ ಎಲೆಯಲ್ಲಿ ನುಸಿ ಹೆಚ್ಚುತ್ತದೆ ಎಂಬುದನ್ನು ನಿಮ್ಮ ಅಧಿಕಾರಿಗಳೇ ತರಬೇತಿಯಲ್ಲಿ ಹೇಳಿದ್ದಾರೆ.

ಹೋದ ಬೇಸಿಗೆ ನಾನು ಒಣದ್ರಾಕ್ಷಿ ಶೆಡ್ಡಿನಲ್ಲಿದ್ದಾಗ ರಸ್ತೆ ಅಗಲ ಮಾಡುವ ಗುತ್ತಿಗೆದಾರನ ಜೆಸಿಬಿ ಬಂತು. ನೋಟಿಸ್ ಇಲ್ಲ, ಒಂದು ಫೋನ್ ಇಲ್ಲ. ನಾನು ಓಡಿ ಬರುವಷ್ಟರಲ್ಲಿ ಬೇಲಿಯನ್ನೆಲ್ಲ ಬೇರುಸಹಿತ ಕಿತ್ತು ಗುಡ್ಡೆ ಹಾಕಿದ್ದರು. ಕವಳಿ ಆಗ ತುಂಬ ಹೂಬಿಟ್ಟಿತ್ತು. ಮುರಿದ ಟೊಂಗೆಗಳಿಂದ ಬಿಳಿ ಹಾಲು ಸೋರಿ ಮಣ್ಣಿಗೆ ಅಂಟುತ್ತಿತ್ತು. ಜೇನುಹುಳಗಳು ಆ ಗುಡ್ಡೆಯ ಮೇಲೆಯೇ ಇನ್ನೂ ಹೂವು ಹುಡುಕುತ್ತಿದ್ದವು. ಒಂದು ಪಿಕಳಾರದ ಗೂಡು ಚಕ್ರದ ಅಡಿ ಅಪ್ಪಚ್ಚಿಯಾಗಿತ್ತು. ಅಲ್ಲಿದ್ದ ಎಂಜಿನಿಯರ್ ಹೇಳಿದ್ದು ಇಷ್ಟೇ: "ಮುಳ್ಳುಕಂಟಿ ತೆಗೆದಿದ್ದೇವೆ, ನಿಮ್ಮ ಬಳ್ಳಿ ಮುಟ್ಟಿಲ್ಲವಲ್ಲ."

ಆಮೇಲೆ ಪಂಚನಾಮೆಯಾಯಿತು. ನಮೂನೆಯಲ್ಲಿ ಕಲ್ಲುಕಂಬ, ತಂತಿ, ಹನಿ ನೀರಾವರಿಯ ಪೈಪು, ಬಳ್ಳಿ ಎಲ್ಲಕ್ಕೂ ಜಾಗವಿತ್ತು, ಬೇಲಿಗಿಡಗಳಿಗೆ ಇರಲಿಲ್ಲ. ದರಪಟ್ಟಿಯಲ್ಲಿ ಅವುಗಳಿಗೆ ದರವಿಲ್ಲವಂತೆ. ತಂತಿಬೇಲಿಯಾಗಿದ್ದರೆ ಮೀಟರ್ ಲೆಕ್ಕದಲ್ಲಿ ಬರೆಯಬಹುದಿತ್ತಂತೆ. ಸ್ವಾಮಿ, 2013ರ ಭೂಸ್ವಾಧೀನ ಕಾಯ್ದೆಯ ಕಲಂ 29 ಜಮೀನಿನಲ್ಲಿರುವ ಮರಗಳ ಜೊತೆಗೆ ಗಿಡಗಳಿಗೂ ಬೆಲೆ ಕಟ್ಟುವ ಮಾತಾಡುತ್ತದೆ, ಅದಕ್ಕೆ ಕೃಷಿ, ತೋಟಗಾರಿಕೆಯಲ್ಲಿ ಅನುಭವವಿರುವವರ ನೆರವು ಪಡೆಯಲು ಹೇಳುತ್ತದೆ. ಇದು ನಿಮಗೆ ಗೊತ್ತಿಲ್ಲವೆಂದು ನಾನು ನಂಬುವುದಿಲ್ಲ. ಗೊತ್ತಿದ್ದೂ ನಮ್ಮನ್ನು ಮೇಜಿನಿಂದ ಮೇಜಿಗೆ ಅಲೆಸುವುದು ಯಾವ ನ್ಯಾಯ?

ಬೇಲಿಯಿಂದ ದ್ರಾಕ್ಷಿಗೇನು ಲಾಭ ಎಂದು ಒಬ್ಬ ಅಧಿಕಾರಿ ನನ್ನನ್ನೇ ಕೇಳಿದರು. ದ್ರಾಕ್ಷಿ ಹೂವಿಗೆ ಕಾಯಿ ಕಟ್ಟಲು ಜೇನಿನ ಹಂಗಿಲ್ಲ, ನಿಜ. ಆದರೆ ನಮ್ಮನ್ನು ಸಾಲಕ್ಕೆ ದೂಡುವುದು ಹಿಟ್ಟು ತಿಗಣೆ. ಅದು ತೊಗಟೆಯ ಸಂದಿಯಲ್ಲಿ ಮೇಣದಂಥ ಬಿಳಿ ಹೊದಿಕೆಯೊಳಗೆ ಕೂತರೆ ಔಷಧ ಮೈಗೆ ತಾಗುವುದೇ ಇಲ್ಲ. ಅದನ್ನು ಹುಡುಕಿ ತಿನ್ನುವುದು ಗುಲಗಂಜಿ ಹುಳು. ತಿಗಣೆಯ ಮೈಯೊಳಗೆ ಮೊಟ್ಟೆಯಿಟ್ಟು ಕೊಲ್ಲುವುದು ಕಣ್ಣಿಗೂ ಸರಿಯಾಗಿ ಕಾಣದ ಪುಟ್ಟ ಕಣಜ. ಈ ಕಣಜಕ್ಕೆ ಬದುಕಲು ಮಕರಂದ ಬೇಕು, ಔಷಧ ಬೀಳದ ಒಂದು ಆಸರೆ ಬೇಕು. ಬಳ್ಳಿಯ ಸಾಲುಗಳಲ್ಲಿ ಅದೆರಡೂ ಇಲ್ಲ, ಬದುವಿನಲ್ಲಿ ಇತ್ತು. ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟಗಳಲ್ಲಿ ಜಿಗಿಹುಳುವನ್ನು ಹತ್ತಿಕ್ಕುವ ಇಂಥದ್ದೇ ಕಣಜ ಚಳಿಗಾಲವನ್ನು ಪಕ್ಕದ ಬ್ಲ್ಯಾಕ್‌ಬೆರಿ ಪೊದೆಗಳಲ್ಲಿ ಕಳೆಯುತ್ತದೆ ಎಂಬುದನ್ನು ವಿಜ್ಞಾನಿಗಳು 1960ರ ದಶಕದಲ್ಲೇ ಕಂಡುಕೊಂಡಿದ್ದಾರೆ.

ಯಾವ ಗಿಡ ಹಚ್ಚಬೇಕು ಎಂಬುದರಲ್ಲೂ ವಿವೇಕ ಬೇಕು. ದಾಸವಾಳ ಹಚ್ಚಿದರೆ ಹಿಟ್ಟು ತಿಗಣೆಗೆ ನಾವೇ ಮನೆ ಕಟ್ಟಿಕೊಟ್ಟಂತೆ. ಬಳ್ಳಾರಿ ಜಾಲಿಯೂ ಲಂಟಾನವೂ ಬದುವಿನಲ್ಲಿ ನಿಲ್ಲದೆ ಹೊಲಕ್ಕೇ ನುಗ್ಗುತ್ತವೆ. ಪಿಕಳಾರ ಒಂದಿಷ್ಟು ಹಣ್ಣು ಕುಕ್ಕುತ್ತದೆ, ಅದಕ್ಕೆ ಬಲೆ ಇದೆ. ಇದನ್ನೆಲ್ಲ ರೈತರಿಗೆ ತಿಳಿಸಿ, ಸರಿಯಾದ ಸಸಿಗಳನ್ನು ಇಲಾಖೆಯ ನರ್ಸರಿಯಿಂದ ಕೊಡುವುದು ನಿಮ್ಮ ಕೆಲಸ. ಕೃಷಿ ಭಾಗ್ಯ ಯೋಜನೆಯಲ್ಲಿ ಮಳೆನೀರು ಹಿಡಿಯುವ ಕೃಷಿ ಹೊಂಡದ ಸುತ್ತ ತಂತಿಬೇಲಿಗೆ ಸರ್ಕಾರ ನೆರವು ಕೊಟ್ಟಿದೆ. ಜೀವ ಇರುವ ಬೇಲಿಗೆ ಏಕಿಲ್ಲ?

2010ರಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ರಾಸಾಯನಿಕದ ಶೇಷ ಸಿಕ್ಕಿತೆಂದು ಯುರೋಪಿನಲ್ಲಿ ಭಾರತದ ದ್ರಾಕ್ಷಿಯನ್ನು ತಿರಸ್ಕರಿಸಿದ್ದು ನಿಮಗೆ ನೆನಪಿರಬೇಕು. ಅದು ಕೀಟನಾಶಕವಲ್ಲ, ಬಳ್ಳಿಯ ಬೆಳವಣಿಗೆ ತಡೆಯುವ ಔಷಧ. ಆದರೂ ಅಂದಿನಿಂದ ಶೇಷದ ಮಾತು ಕೇಳಿದರೆ ಬೆಳೆಗಾರನ ಎದೆ ನಡುಗುತ್ತದೆ. ಪ್ರತಿ ಸಭೆಯಲ್ಲೂ "ಔಷಧ ಕಡಿಮೆ ಮಾಡಿ" ಎನ್ನುತ್ತೀರಿ. ಕಡಿಮೆ ಮಾಡಲು ನೆರವಾಗುತ್ತಿದ್ದುದನ್ನು ಸರ್ಕಾರದ ಕಾಮಗಾರಿಯೇ ಕಿತ್ತು ಹಾಕಿದೆ. ಈ ವರ್ಷ ನಾನು ಸಿಂಪಡಣೆಗೆ ಮತ್ತೆ ಕೈಸಾಲ ಮಾಡಿದ್ದೇನೆ. ಆ ಬದುವನ್ನು ನೋಡಲಾಗದೆ ನನ್ನ ಹೆಂಡತಿ ಆ ಕಡೆ ಹೋಗುವುದನ್ನೇ ಬಿಟ್ಟಿದ್ದಾಳೆ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಬೇಲಿಗಿಡಗಳ ದಾಖಲೆಯನ್ನು ಆ ಸಮಿತಿಯಿಂದಲೇ ಮಾಡಿಸಿ. ದರಪಟ್ಟಿಗೆ ಜೀವಂತ ಬೇಲಿಯನ್ನು ಸೇರಿಸಿ. ನೋಟಿಸ್ ಇಲ್ಲದೆ ಯಾವ ಇಲಾಖೆಯ ಯಂತ್ರವೂ ರೈತನ ಬದುವಿಗೆ ಇಳಿಯಬಾರದೆಂದು ಆದೇಶ ಮಾಡಿಸಿ. ನನ್ನ ಬದುವಿಗೆ ಸಸಿ ಕೊಡಿ, ನಾವೇ ಹಚ್ಚಿಕೊಳ್ಳುತ್ತೇವೆ. ಮಳೆ ನಿಂತ ಮೇಲೆ ಸಸಿ ಕೊಟ್ಟು ಪ್ರಯೋಜನವಿಲ್ಲ. ಅಕ್ಟೋಬರ್ ಚಾಟನಿ, ಅಂದರೆ ಬಳ್ಳಿ ಸವರುವ ಕೆಲಸ, ಶುರುವಾದರೆ ನಮಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಆದ್ದರಿಂದ ಆದೇಶ ಈ ಮುಂಗಾರಿನಲ್ಲೇ ಬರಬೇಕು, ಬರಹದಲ್ಲಿ ಬರಬೇಕು.

ಇಂತಿ ತಮ್ಮ ವಿಶ್ವಾಸಿ,
ಟಿಕೋಟಾ ತಾಲ್ಲೂಕಿನ ಒಬ್ಬ ದ್ರಾಕ್ಷಿ ಬೆಳೆಗಾರ