ಗ್ಯಾರೇಜ್ ಡೆಮೊ ಕಳಿಸುವ ಮುನ್ನ

ಸದಸ್ಯರ ಗಮನಕ್ಕೆ,

ಈ ವಾರ ಚರ್ಚೆಗೆ ಆಸ್ಟ್ರೇಲಿಯಾದ ರಾಕ್ ಬ್ಯಾಂಡ್ ಸಿಲ್ವರ್‌ಚೇರ್. ನ್ಯೂಕ್ಯಾಸಲ್‌ನ ಮೂವರು ಹೈಸ್ಕೂಲ್ ಹುಡುಗರು ಡ್ರಮ್ಮರ್ ಮನೆಯ ಗ್ಯಾರೇಜಿನಲ್ಲಿ ಅಭ್ಯಾಸ ಮಾಡುತ್ತಿದ್ದರು. 1994ರಲ್ಲಿ ಎಸ್‌ಬಿಎಸ್ ಟಿವಿ ಮತ್ತು ಟ್ರಿಪಲ್ ಜೆ ರೇಡಿಯೊದ ಡೆಮೊ (ಮಾದರಿ ರೆಕಾರ್ಡಿಂಗ್) ಸ್ಪರ್ಧೆಯಲ್ಲಿ 'ಟುಮಾರೊ' ಹಾಡಿಗೆ ಗೆದ್ದರು. ಅದೇ ವರ್ಷ ಅದು ಆಸ್ಟ್ರೇಲಿಯಾದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1995ರ 'ಫ್ರಾಗ್‌ಸ್ಟಾಂಪ್' ಆಲ್ಬಮ್ಮಿನ ರೆಕಾರ್ಡಿಂಗ್ 9 ದಿನಗಳಲ್ಲಿ ಮುಗಿಯಿತು. ಗ್ಯಾರೇಜಿನಲ್ಲಿ ಮೊದಲೇ ಕೈ ಕುದುರದಿದ್ದರೆ ಇದು ಆಗುವ ಮಾತಲ್ಲ.

ನಿಮ್ಮ ಡೆಮೊಗಳ ವಿಷಯಕ್ಕೆ ಬಂದರೆ, ಹೆಚ್ಚಿನವು ಕೆಡುವುದು ತಗ್ಗು ಸ್ವರಗಳ ದಪ್ಪ ಸದ್ದಾದ ಬೇಸ್‌ನಿಂದಲೇ. ಎದುರುಬದುರು ಗೋಡೆಗಳ ನಡುವೆ 3 ಮೀಟರ್ ಇದ್ದರೆ ಸುಮಾರು 57 ಹರ್ಟ್ಸ್ ಆಸುಪಾಸಿನ ಸದ್ದು ಉಬ್ಬುತ್ತದೆ. ಬೇಸ್ ಗಿಟಾರಿನ ಎ ತಂತಿಯನ್ನು ಒತ್ತದೆ ಮೀಟಿದರೆ ಬರುವುದು 55 ಹರ್ಟ್ಸ್. ಹಾಗಾಗಿ ಆ ಒಂದು ಸ್ವರ ಮಾತ್ರ ಗುಂಯ್ ಎಂದು ಉಳಿದದ್ದನ್ನೆಲ್ಲ ನುಂಗುತ್ತದೆ. ಆಂಪ್ (ಸದ್ದು ಹಿಗ್ಗಿಸುವ ಆಂಪ್ಲಿಫೈಯರ್ ಪೆಟ್ಟಿಗೆ) ಅನ್ನು ಮೂಲೆಯಿಂದ ಹೊರಗೆಳೆಯಿರಿ, ಮೂಲೆಗಳಲ್ಲಿ ದಪ್ಪ ಹಾಸಿಗೆ ನಿಲ್ಲಿಸಿ. ಮೊಟ್ಟೆ ಟ್ರೇ ಅಂಟಿಸಿ ಪ್ರಯೋಜನವಿಲ್ಲ (ಯಾರೆಷ್ಟೇ ಹೇಳಲಿ!), ತೆಳು ರಟ್ಟು ಬೇಸನ್ನು ತಡೆಯುವುದಿಲ್ಲ.

ಗಿಟಾರ್ ಆಂಪಿಗೆ ಮೈಕ್ ಇಡುವುದು ಜಾಲರಿಯಿಂದ 2-3 ಸೆಂ.ಮೀ. ದೂರದಲ್ಲಿ, ಸ್ಪೀಕರ್ ಕೋನಿನ ನಡುವಿಗಿಂತ ಸ್ವಲ್ಪ ಪಕ್ಕಕ್ಕೆ. ನೇರ ನಡುವಿಗೆ ಇಟ್ಟರೆ ಕಿವಿ ಚುಚ್ಚುವ ಕೀಚಲು. ಡ್ರಮ್ ಬಾರಿಸುವಾಗ ಗ್ಯಾರೇಜಿನ ಶಟರ್ ಗಡಗಡ ಎಂದರೆ ಅದರ ಸಂದಿಗೆ ಬಟ್ಟೆ ತುರುಕಿ. ಆ ಸದ್ದನ್ನು ಆಮೇಲೆ ಮಿಕ್ಸಿಂಗ್‌ನಲ್ಲಿ ತೆಗೆಯಲಾಗದು.

ಫೈಲ್ ವೇವ್ (WAV) ರೂಪದಲ್ಲೇ ಕಳಿಸಿ, ವಾಯ್ಸ್ ನೋಟ್ ಬೇಡ.